‘ಡ್ರೈವರ್ ಇಲ್ಲ’ ಎಂಬ ರೆಡಿಮೇಡ್ ಉತ್ತರ

ಕೊಳ್ಳೇಗಾಲದಲ್ಲಾಗಲಿ ಯಳಂದೂರಿನಲ್ಲಾಗಲಿ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ‘ಈ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡಿ’ ಅಂತ ಕೇಳಿ ನೋಡಿ. ಪೆನ್‌ಡ್ರೈವ್ ಚುಚ್ಚುತ್ತಾರೆ. ಡಿಸ್ಕ್ ಕಾಣಲಿಲ್ಲ ಅಂದರೆ ತೀರ್ಪು ಬಂದೇಬಿಡುತ್ತದೆ: ‘ಲಿನಕ್ಸಲ್ಲಿ ಇದಕ್ಕೆ ಡ್ರೈವರ್ ಇಲ್ಲ ಸಾರ್, ವಿಂಡೋಸೇ ಹಾಕ್ಸ್ಕೊಳಿ.’

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ.

ಇಂಟೆಲ್‌ನ ಹನ್ನೊಂದನೇ ತಲೆಮಾರಿನ ಎಷ್ಟೋ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 10 ಹಾಕುವಾಗಲೂ ಡಿಸ್ಕ್ ಕಾಣುವುದಿಲ್ಲ. ಆಗ ‘ಲೋಡ್ ಡ್ರೈವರ್’ ಒತ್ತಿ, ಇಂಟೆಲ್‌ನ ಫೈಲನ್ನು ಪೆನ್‌ಡ್ರೈವಿನಿಂದ ಕೊಡುವುದು ಇದೇ ಅಂಗಡಿಯವರಿಗೆ ಬಾಯಿಪಾಠ. ‘ವಿಂಡೋಸಲ್ಲಿ ಡ್ರೈವರ್ ಇಲ್ಲ’ ಅಂತ ಯಾರೂ ಅನ್ನುವುದಿಲ್ಲ. ತಮಾಷೆ ಏನೆಂದರೆ, ಅಲ್ಲಿ ಬೇಕಾದ ವಿಎಂಡಿ ಡ್ರೈವರ್ ಈಚಿನ ಲಿನಕ್ಸ್ ಕರ್ನಲ್ಲಿನ ಜೊತೆಗೇ ಬರುತ್ತದೆ. ಹೊರಗಿಂದ ತರುವ ಕೆಲಸವೇ ಇಲ್ಲ.

ಲಿನಕ್ಸಿನ ರೀತಿಯೇ ಅದು. ಸಾಟಾ ಡಿಸ್ಕಿಗೆ ಎಎಚ್‌ಸಿಐ, ಹೊಸ ಎಸ್‌ಎಸ್‌ಡಿಗೆ ಎನ್‌ವಿಎಂಇ, ಹೀಗೆ ಮಾಮೂಲಿ ಡ್ರೈವರುಗಳೆಲ್ಲ ಕರ್ನಲ್ಲಿನ ಜೊತೆಗೇ ಇರುತ್ತವೆ. ಯಂತ್ರ ಕಂಡೊಡನೆ ಬೇಕಾದ್ದು ತಾನೇ ಲೋಡ್ ಆಗುತ್ತದೆ. ‘ಡ್ರೈವರ್ ಪ್ಯಾಕ್’ ಹುಡುಕಿ ಡೌನ್‌ಲೋಡ್ ಮಾಡುವುದು ವಿಂಡೋಸ್ ಕಲಿಸಿದ ಚಟ.

ಹಾಗಾದರೆ ಡಿಸ್ಕ್ ಯಾಕೆ ಕಾಣಲಿಲ್ಲ? ತುಂಬ ಸಲ ಕಾರಣ ಇರುವುದು ಬಯಾಸ್‌ನಲ್ಲಿ. ಕಂಪನಿಯವರು ಸ್ಟೋರೇಜನ್ನು ರೈಡ್ ಮೋಡಿನಲ್ಲಿಟ್ಟು ಕಳಿಸಿರುತ್ತಾರೆ; ಎಸ್‌ಎಸ್‌ಡಿ ಅದರ ಹಿಂದೆ ಅಡಗಿ ಕೂತಿರುತ್ತದೆ. ಈ ಬಚ್ಚಿಡುವ ಆಟಕ್ಕೆ ಕರ್ನಲ್ಲಿನಲ್ಲಿ ಡ್ರೈವರ್ ಇಲ್ಲ, ನಿಜ. ಆದರೆ ಅದು ಸುಮ್ಮನಿರುವುದಿಲ್ಲ. ‘ಡಿಮೆಸೇಜ್’ ಕಮಾಂಡ್ ಕೊಟ್ಟು ಓದಿ: ಬಯಾಸನ್ನು ರೈಡ್‌ನಿಂದ ಎಎಚ್‌ಸಿಐಗೆ ಬದಲಿಸಿ ಅಂತ ತಾನೇ ಹೇಳುತ್ತದೆ. ‘ಎಲ್‌ಎಸ್‌ಪಿಸಿಐ’ ಕಮಾಂಡಿಗೆ ಡ್ಯಾಶ್ ಕೆ ಸೇರಿಸಿದರೆ ಯಾವ ಯಂತ್ರವನ್ನು ಯಾವ ಡ್ರೈವರ್ ಹಿಡಿದಿದೆ ಅಂತ ಸಾಲು ಸಾಲಾಗಿ ಬರುತ್ತದೆ. ಎರಡು ನಿಮಿಷದ ಕೆಲಸ. ಒಂದು ಎಚ್ಚರಿಕೆ: ಅದೇ ಡಿಸ್ಕಿನಲ್ಲಿ ವಿಂಡೋಸನ್ನೂ ಉಳಿಸಿಕೊಳ್ಳುವುದಾದರೆ ಮೊದಲು ಬ್ಯಾಕಪ್ ಮಾಡಿ, ವಿಂಡೋಸನ್ನು ಸೇಫ್ ಮೋಡಿಗೆ ಹೊಂದಿಸಿ, ಆಮೇಲೆ ಮೋಡ್ ಬದಲಿಸಿ. ಇಲ್ಲದಿದ್ದರೆ ನೀಲಿ ಪರದೆ ಬರುವುದು ವಿಂಡೋಸಿಗೇ.

‘ಅಷ್ಟಕ್ಕೆಲ್ಲ ಯಾಕಪ್ಪ ಈ ಗಲಾಟೆ?’ ಅನ್ನಬೇಡಿ. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಆರು, ಏಳನೇ ತಲೆಮಾರಿನ ಬಹುತೇಕ ಯಂತ್ರಗಳನ್ನು ವಿಂಡೋಸ್ 11 ಒಪ್ಪುವುದಿಲ್ಲ. ಹನೂರಿನ ಕಡೆಯ ಹುಡುಗಿಯೊಬ್ಬಳು ಬಸ್ ಹತ್ತಿ ಕೊಳ್ಳೇಗಾಲಕ್ಕೆ ತರುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಅಂಥದ್ದೇ ಆಗಿರುತ್ತದೆ. ‘ಡ್ರೈವರ್ ಇಲ್ಲ’ ಅಂದರೆ ಅವಳ ಮುಂದಿರುವುದು ಎರಡೇ ದಾರಿ: ಕದ್ದ ವಿಂಡೋಸು ಅಥವಾ ಗುಜರಿ.

ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸಿನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಅಲ್ಲಿ ಸಿಕ್ಕ ಡ್ರೈವರು ಯಳಂದೂರಿಗೆ ಬರುವಾಗ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ದಾರಿ ತಪ್ಪಿತೇ?

ಅಂಗಡಿಯವರೇ, ನಿಮ್ಮ ಕೂಲಿ ತಗೊಳ್ಳಿ, ಬೇಡ ಅನ್ನೋರು ಯಾರು? ಆದರೆ ‘ಇಲ್ಲ’ ಅನ್ನುವ ಮೊದಲು ಕರ್ನಲ್ ಏನು ಹೇಳ್ತಿದೆ ಅಂತ ಓದಿ. ಗಿರಾಕಿಗಳೇ, ನೀವೂ ಅಷ್ಟೆ. ‘ಡ್ರೈವರ್ ಇಲ್ಲ’ ಅಂದರೆ ತಲೆಯಾಡಿಸಿ ಎದ್ದು ಬರಬೇಡಿ. ‘ಬಯಾಸ್ ಯಾವ ಮೋಡಲ್ಲಿದೆ, ತೋರ್ಸಿ’ ಅನ್ನಿ.