ಮಗುವಿನ ಬಾಯಿಯನ್ನೂ ನೋಡಿ



ಲಸಿಕೆಯ ದಿನ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಅಂಗನವಾಡಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಬರುವ ನೋಟ ಕ್ಯಾಸಂಬಳ್ಳಿ, ಬೇತಮಂಗಲ, ಬಂಗಾರಪೇಟೆಗಳ ಸುತ್ತಲಿನವರಾದ ನಮಗೆಲ್ಲ ಪರಿಚಿತವಾದುದು. ಅಲ್ಲಿ ಮಗುವನ್ನು ತೂಗುತ್ತಾರೆ, ಚುಚ್ಚುಮದ್ದು ಕೊಡುತ್ತಾರೆ, ತಾಯಿಯ ಕಾರ್ಡಿನಲ್ಲಿ ಬರೆದುಕೊಡುತ್ತಾರೆ. ಸೂಜಿಯ ನೋವಿಗೆ ಮಗು ಬಾಯ್ದೆರೆದು ಅಳುತ್ತದೆ. ಆದರೆ ತೆರೆದ ಆ ಬಾಯಿಯೊಳಗೆ ಏನಿದೆಯೆಂದು ನೋಡುವ ಪದ್ಧತಿ ಮಾತ್ರ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ಹಲ್ಲು ದಂತವೈದ್ಯರಿಗೆ ಸೇರಿದ್ದು, ದಂತವೈದ್ಯರಲ್ಲಿಗೆ ಹೋಗುವುದು ನೋವು ಬಂದಾಗ ಮಾತ್ರ ಎಂಬ ಎರಡು ನಂಬಿಕೆಗಳ ನಡುವೆ ನಮ್ಮ ಮಕ್ಕಳ ಹಲ್ಲುಗಳು ಹಾಳಾಗುತ್ತಿವೆ.

“ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ” ಎಂಬ ಗಾದೆ ವೃದ್ಧರನ್ನು ಕುರಿತದ್ದು. ಇಂದು ಅದು ಐದು ವರ್ಷದ ಮಕ್ಕಳಿಗೂ ಅನ್ವಯಿಸುವಂತಾಗಿದೆ. ಹಾಲುಹಲ್ಲುಗಳ ಹುಳುಕಿನಿಂದ ಬಳಲುವ ಮಕ್ಕಳು ಲೋಕದಲ್ಲಿ ಸುಮಾರು 51 ಕೋಟಿ 40 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಅಂದಾಜು ಮಾಡಿದೆ. “ಹೇಗೂ ಬೀಳುವ ಹಲ್ಲು ತಾನೆ” ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಆದರೆ ಮಗು ಅಗಿದು ತಿನ್ನುವುದು, ಮಾತು ಕಲಿಯುವುದು ಆ ಹಲ್ಲುಗಳಿಂದಲೇ. ಮುಂದೆ ಬರುವ ಹಲ್ಲುಗಳಿಗೆ ಜಾಗ ಕಾಯ್ದಿಡುವವೂ ಅವೇ. ಹುಳುಕು ಬೇರಿಗಿಳಿದು ಕೀವು ಕಟ್ಟಿದರೆ ಮಗುವಿಗೆ ಊಟವಿಲ್ಲ, ನಿದ್ದೆಯಿಲ್ಲ, ಶಾಲೆಯೂ ಇಲ್ಲ. ಅಷ್ಟೇ ಅಲ್ಲ, ಆರರ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಹೆತ್ತವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಬಾಳೆಲ್ಲ ಇರಬೇಕಾದ ಹಲ್ಲು ಹೀಗೆ ಬಾಲ್ಯದಲ್ಲೇ ಕೈಬಿಡುತ್ತದೆ.

ಹುಳುಕು ಒಂದು ರಾತ್ರಿಯಲ್ಲಿ ಬರುವಂಥದಲ್ಲ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ. ಮೇಲಿನ ಮುಂಬಲ್ಲುಗಳಲ್ಲಿ, ಒಸಡಿನ ಅಂಚಿನಲ್ಲಿ, ಸುಣ್ಣದಂತಹ ಬಿಳಿಯ ಗೆರೆಯೊಂದು ಮೊದಲು ಕಾಣಿಸುತ್ತದೆ. ಈ ಹಂತದಲ್ಲಿ ಅದನ್ನು ತಡೆಯಬಹುದು. ಕಂದುಬಣ್ಣದ ಕುಳಿಯಾದ ಮೇಲೆ ಹಲ್ಲು ತಾನಾಗಿ ಮೊದಲಿನಂತಾಗದು. ಸಕ್ಕರೆ ಬೆರೆಸಿದ ಹಾಲಿನ ಬಾಟಲಿಯನ್ನು ಬಾಯಿಗಿಟ್ಟು ಮಲಗಿಸುವುದು, ಅತ್ತಾಗಲೆಲ್ಲ ಬಿಸ್ಕತ್ತು ಕೊಡುವುದು ಇದಕ್ಕೆ ಮುಖ್ಯ ಕಾರಣಗಳು.

ಇದನ್ನು ಹೇಳುವಾಗ ತಾಯಂದಿರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿ ನಡೆಯುತ್ತಿದ್ದ ದಿನಗಳಲ್ಲಿ ಕಾರ್ಮಿಕರ ಕುಟುಂಬಗಳಿಗೆ ಗಣಿಯದೇ ಆಸ್ಪತ್ರೆಯ ಆಸರೆಯಿತ್ತು. ಇಂದು ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ತಂದೆತಾಯಿಯರು ಮರಳುವಾಗ ಕತ್ತಲಾಗಿರುತ್ತದೆ. ಮನೆಯಲ್ಲಿ ಅಜ್ಜಿ ಮಗುವನ್ನು ತಿಳಿದಂತೆ ಸಂತೈಸುತ್ತಾಳೆ. ದಂತವೈದ್ಯರಲ್ಲಿಗೆ ಹೋಗುವುದೆಂದರೆ ಒಂದು ದಿನದ ಕೂಲಿ ಕಳೆದುಕೊಳ್ಳುವುದು. ಆದ್ದರಿಂದಲೇ, ಮಗುವನ್ನು ಹೇಗೂ ನೋಡುವ ದಾದಿಯೋ ಮಕ್ಕಳ ವೈದ್ಯರೋ ಅದರ ಬಾಯಿಯನ್ನೂ ನೋಡಬೇಕೆಂಬುದು ನಮ್ಮಂತಹ ಊರುಗಳಿಗೆ ಹೆಚ್ಚು ಸಲ್ಲುವ ಮಾತು.

ನಮ್ಮ ಜಿಲ್ಲೆಗೆ ಇನ್ನೊಂದು ಸಂಕಟವಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಹಳ್ಳಿಗಳು ಕೊಳವೆಬಾವಿಯನ್ನೇ ನಂಬಿವೆ. ಆಳದ ಬಂಡೆಗಳಿಂದ ಬರುವ ನೀರಿನಲ್ಲಿ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹುಟ್ಟಿನಿಂದ ಸುಮಾರು ಎಂಟು ವರ್ಷದವರೆಗೆ, ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುತ್ತಿರುವಾಗ, ಇಂತಹ ನೀರು ಕುಡಿದ ಮಗುವಿನ ಹಲ್ಲುಗಳು ಬಿಳಿ, ಹಳದಿ, ಕಂದು ಕಲೆಗಳನ್ನು ಹೊತ್ತೇ ಹೊರಬರುತ್ತವೆ. ಈ ಕಲೆ ಉಜ್ಜಿದರೆ ಹೋಗುವುದಿಲ್ಲ. ಆದರೂ ಹಲ್ಲುಜ್ಜದ ಸೋಮಾರಿಯೆಂದು ಶಾಲೆಯಲ್ಲೂ ಮನೆಯಲ್ಲೂ ಬೈಗುಳ ತಿಂದು, ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವ ಹೆಣ್ಣುಮಕ್ಕಳನ್ನು ನಾವು ಕಾಣುತ್ತೇವೆ. ಅದು ಆ ಮಗುವಿನ ತಪ್ಪಲ್ಲ, ನೀರಿನ ದೋಷ. ಇದ್ದಿಲು, ಇಟ್ಟಿಗೆಪುಡಿ ಹಾಕಿ ತಿಕ್ಕಿಸಿದರೆ ಹಲ್ಲು ಸವೆಯುವುದೇ ಹೊರತು ಕಲೆ ಹೋಗದು. ಕಲೆಯಿರುವ ಹಲ್ಲಿಗೆ ಹುಳುಕು ಹಿಡಿಯುವುದಿಲ್ಲವೆಂದೂ ಇಲ್ಲ. ನೀರಿನ ಕಲೆ ಯಾವುದು, ಸಕ್ಕರೆಯ ಹುಳುಕು ಯಾವುದು ಎಂದು ಗುರುತಿಸಿ ಹೆತ್ತವರಿಗೆ ತಿಳಿಹೇಳಬಲ್ಲವರು ಮಗುವನ್ನು ಮೊದಲಿನಿಂದ ನೋಡುತ್ತ ಬಂದ ಆರೋಗ್ಯ ಕಾರ್ಯಕರ್ತರೇ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯೂ ಬೇಡ. ಲಸಿಕೆಯ ವೇಳಾಪಟ್ಟಿಯನ್ನೇ ನೋಡಿರಿ. ಒಂಬತ್ತನೆಯ ತಿಂಗಳಲ್ಲಿ ದಡಾರದ ಚುಚ್ಚುಮದ್ದಿಗೆ ಬರುವಾಗ ಸಾಮಾನ್ಯವಾಗಿ ಮೊದಲ ಹಲ್ಲುಗಳು ಮೂಡಿರುತ್ತವೆ. 16ರಿಂದ 24 ತಿಂಗಳ ನಡುವಿನ ಭೇಟಿಯ ಹೊತ್ತಿಗೆ ಬಿಳಿಗೆರೆ ಇದ್ದರೆ ಕಾಣಬಹುದು. ಐದಾರು ವರ್ಷದ ಚುಚ್ಚುಮದ್ದಿನ ಹೊತ್ತಿಗೆ ಶಾಶ್ವತ ದವಡೆಹಲ್ಲು ಬರುವ ಕಾಲ. ಈ ಮೂರು ಸಲವೂ ಮಗುವಿನ ಮೇಲ್ದುಟಿಯನ್ನು ಎತ್ತಿ, ಬೆಳಕಿನಲ್ಲಿ ನೋಡಿ, ತಾಯಿಗೆ ಎರಡು ಮಾತು ಹೇಳಲು ಹೆಚ್ಚು ಹೊತ್ತು ಬೇಕಾಗದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಬರಬೇಕೆಂಬ ವ್ಯವಸ್ಥೆಯಿದೆ. ಅವರು ಪರೀಕ್ಷಿಸಬೇಕಾದ ತೊಂದರೆಗಳಲ್ಲಿ ಹಲ್ಲಿನ ಹುಳುಕೂ ಸೇರಿದೆ. ಕೆ.ಜಿ.ಎಫ್.ನ ಬೆಮೆಲ್ ನಗರದಲ್ಲಿ ದಂತವೈದ್ಯಕೀಯ ಕಾಲೇಜೇ ಇದೆ. ಮೊದಲು ಕಂಡವರು ಬರೆದುಕೊಟ್ಟ ಚೀಟಿ ಹಿಡಿದು ಮಗು ಅಂತಹ ಕಡೆಗೆ ತಲುಪುವಂತಾಗಬೇಕು. ಆಗಬೇಕಾದ ಕೆಲಸ ಈ ಜೋಡಣೆಯೇ.

ಬೇರೆ ದೇಶಗಳಲ್ಲಿ ಈ ದಾರಿ ಆಗಲೇ ತೆರೆದಿದೆ. ಹಲ್ಲು ಮೂಡಿದಂದಿನಿಂದಲೇ ಶಿಶುಗಳಿಗೆ ಫ್ಲೋರೈಡ್ ಲೇಪವನ್ನು ಪ್ರಾಥಮಿಕ ಚಿಕಿತ್ಸೆಯ ವೈದ್ಯರೇ ಹಚ್ಚಬೇಕೆಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2014ರಲ್ಲಿ ಶಿಫಾರಸು ಮಾಡಿ, 2021ರಲ್ಲಿ ಅದನ್ನೇ ಪುನರುಚ್ಚರಿಸಿತು. ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ನಮ್ಮಲ್ಲಿ ಅದನ್ನು ಕಣ್ಣುಮುಚ್ಚಿ ಅನುಕರಿಸಲಾಗದು. ಲೇಪ ಬೇಕೇ ಬೇಡವೇ ಎಂಬುದನ್ನು ಊರಿನ ನೀರನ್ನೂ ಮಗುವಿನ ಹಲ್ಲನ್ನೂ ಬಲ್ಲ ದಂತವೈದ್ಯರು ನಿರ್ಧರಿಸಲಿ. ಮಗುವಿನ ಬಾಯಿಯನ್ನು ಮೊದಲು ನೋಡುವ ಹೊಣೆ ಪ್ರಾಥಮಿಕ ಚಿಕಿತ್ಸೆಯವರದು ಎಂಬ ತತ್ತ್ವವನ್ನಂತೂ ನಾವು ಧಾರಾಳವಾಗಿ ಸ್ವೀಕರಿಸಬಹುದು.

ಮನೆಯಲ್ಲಿ ಆಗಬೇಕಾದುದೂ ಉಂಟು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ. ತಾಯಿ ಕುಡಿದ ನೀರಿನ ಫ್ಲೋರೈಡ್ ಎದೆಹಾಲಿಗೆ ಇಳಿಯುವುದು ಅತ್ಯಲ್ಪ. ಆಮೇಲೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಹಾಲಿನ ಪುಡಿ ಕದಡಲೂ ಶುದ್ಧ ನೀರಿನ ಘಟಕದ ನೀರನ್ನೇ ಬಳಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲವೆಂಬುದು ನೆನಪಿರಲಿ. ಮೊದಲ ಹಲ್ಲು ಕಂಡ ದಿನದಿಂದ ಉಜ್ಜಿರಿ, ರಾತ್ರಿ ಮಲಗುವ ಮುನ್ನ ತಪ್ಪಿಸಬೇಡಿ. ಪೇಸ್ಟು ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಸಾಕು. ಮಗು ಅದನ್ನು ನುಂಗದಂತೆ ಹಿರಿಯರು ಪಕ್ಕದಲ್ಲಿರಬೇಕು.

ಹಲ್ಲುನೋವಿನವರ ಪಾಲಕಿಯಾದ ಸಂತ ಅಪೊಲೋನಿಯಾರನ್ನು ಧರ್ಮಸಭೆ ಫೆಬ್ರವರಿ 9ರಂದು ಸ್ಮರಿಸುತ್ತದೆ. ಸುಮಾರು 249ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಹಿಂಸಕರು ಹಲ್ಲುಗಳನ್ನು ಮುರಿದರೂ ವಿಶ್ವಾಸ ಬಿಡದೆ ಪ್ರಾಣವಿತ್ತವರು ಅವರು. ನೋವು ಬಂದ ಮೇಲೆ ಅವರಲ್ಲಿ ಮೊರೆಯಿಡುವ ನಾವು, ನೋವು ಬಾರದಂತೆ ನೋಡಿಕೊಳ್ಳುವುದೂ ನಮ್ಮ ಪಾಲಿನ ಕರ್ತವ್ಯವೆಂದು ತಿಳಿಯಬೇಕು. ಧರ್ಮೋಪದೇಶದ ತರಗತಿಗೆ ಬರುವ ಮಕ್ಕಳಿಗಾಗಿ ವರ್ಷಕ್ಕೊಮ್ಮೆ ದಂತ ತಪಾಸಣೆ ಏರ್ಪಡಿಸುವುದು ಯಾವ ಧರ್ಮಕೇಂದ್ರಕ್ಕೂ ಭಾರವಾಗದು. ಅದಕ್ಕೂ ಮೊದಲು, ಮುಂದಿನ ಬಾರಿ ಮಗುವನ್ನು ಲಸಿಕೆಗೆ ಕರೆದೊಯ್ದಾಗ ತಾಯಂದಿರು ಸಂಕೋಚಪಡದೆ ಒಂದು ಮಾತು ಕೇಳಲಿ: “ಸಿಸ್ಟರ್, ಮಗುವಿನ ಬಾಯಿಯನ್ನೂ ಒಮ್ಮೆ ನೋಡಿ.”