ಕೊಬ್ಬರಿಗಾದರೂ ಗಡುವಿದೆ

ನಮ್ಮ ಪಂಚನಹಳ್ಳಿಯ ಸುತ್ತಮುತ್ತ ಕಾಯುವುದು ಯಾರಿಗೂ ಹೊಸದಲ್ಲ. ಕಡೂರು ತಾಲ್ಲೂಕಿನ ಈ ಒಣಸೀಮೆಯಲ್ಲಿ ಮಳೆಗೆ ಕಾಯುತ್ತೇವೆ, ಪಂಪಿಗೆ ಕರೆಂಟು ಬರಲೆಂದು ಕಾಯುತ್ತೇವೆ, ಕೊಬ್ಬರಿ ಆಗಲೆಂದು ಕಾಯುತ್ತೇವೆ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದನ್ನು ಮುಟ್ಟುವಂತಿಲ್ಲ. ನೀರು ಇಂಗಿ, ಒಳಗಿನ ಉಂಡೆ ಚಿಪ್ಪು ಬಿಟ್ಟು ಗಡಗಡ ಎಂದರೆ ಸುಲಿದು ಅರಸೀಕೆರೆಗೋ ತಿಪಟೂರಿಗೋ ಸಾಗಿಸಬಹುದು. ಆ ಕಾಯುವುದಕ್ಕೆ ಒಂದು ಲೆಕ್ಕವಿದೆ, ಕೊನೆಯಲ್ಲಿ ಒಂದು ಬೆಲೆಯಿದೆ. ಲೆಕ್ಕವೂ ಇಲ್ಲದೆ ಬೆಲೆಯೂ ಇಲ್ಲದೆ ನಾವು ಅಟ್ಟಕ್ಕೆ ಹಾಕಿ ಕೂರಿಸುವುದು ಯಾರನ್ನು ಗೊತ್ತೇ? ವಿದೇಶದಲ್ಲಿರುವ ಗಂಡನ ಬಳಿ ಹೋಗಲು ವೀಸಾಕ್ಕೆ ಕಾದಿರುವ ಹೆಂಡತಿಯನ್ನು.

ನನ್ನ ತಂಗಿಯ ಮಗಳು ಅಂಥವಳೊಬ್ಬಳು. ಬಿ.ಎಡ್. ಮಾಡಿ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಹುಡುಗ ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಪಡೆದವನು. ನಿಶ್ಚಿತಾರ್ಥದ ದಿನವೇ ಅತ್ತೆಮನೆಯವರು, "ಇನ್ನೇನು ಹೊರಡೋಳು, ಕೆಲಸ ಯಾಕೆ?" ಎಂದು ರಾಜೀನಾಮೆ ಕೊಡಿಸಿದರು. ಮದುವೆಯಾಗಿ ಮೂರನೆಯ ವರ್ಷ ನಡೆಯುತ್ತಿದೆ. ಗಂಡ ಬಂದದ್ದು ಎರಡು ಸಲ, ಒಟ್ಟು ಐವತ್ತೆರಡು ದಿನ. ಅದರಲ್ಲಿ ನೆಂಟರ ಮನೆಯ ಊಟ, ದೇವಸ್ಥಾನ, ಅವನ ತಾಯಿಯ ಆಸ್ಪತ್ರೆ ಕಳೆದರೆ ಇವಳ ಪಾಲಿಗೆ ಉಳಿದದ್ದೆಷ್ಟು? "ಇನ್ನೇನು" ಎಂಬ ಒಂದು ಮಾತು ಅವಳ ಸಂಬಳವನ್ನು, ಗೆಳತಿಯರನ್ನು, ಮೂರು ವರ್ಷದ ಬಾಳನ್ನು ನುಂಗಿತು. ಕಾನೂನಿಗಿಂತ ಮೊದಲು ನನಗೆ ಸಿಟ್ಟು ಬರುವುದು ಈ ಮಾತಿನ ಮೇಲೆ.

ಆದರೂ ಕಾನೂನು ಏನೆಂದು ಹೆಣ್ಣು ಹೆತ್ತವರು ತಿಳಿಯಲೇಬೇಕು. ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದವನ ಹೆಂಡತಿಗೆ ಎಚ್-4 ವೀಸಾ ಇದೆ. ವರ್ಷಕ್ಕೆ ಇಷ್ಟೇ ಎಂಬ ಮಿತಿ ಅದಕ್ಕಿಲ್ಲ. ಅಮೆರಿಕದ ಪ್ರಜೆಯ ಹೆಂಡತಿಗೂ ಸಂಖ್ಯೆಯ ಮಿತಿ ಇಲ್ಲ. ನಡುವೆ ಸಿಕ್ಕಿಕೊಳ್ಳುವವಳು, ಕಾರ್ಡು ಕೈಗೆ ಬಂದ ಮೇಲೆ ಮದುವೆಯಾದವನ ಹೆಂಡತಿ. ಉದ್ಯೋಗದ ಮೇಲೆ ಕಾರ್ಡು ಪಡೆಯುವವನು ಅದಕ್ಕೆ ಮೊದಲೇ ಮದುವೆಯಾಗಿದ್ದರೆ ಅವನ ಅರ್ಜಿಯ ಬೆನ್ನಿಗೇ ಅವಳೂ ಹೋಗಬಹುದಿತ್ತು. ಈಗ ಎಫ್-2ಎ ಎಂಬ ಬೇರೆ ಸಾಲು. ಇಡೀ ಪ್ರಪಂಚದ ಇಂಥ ಹೆಂಡತಿ, ಗಂಡ, ಮಕ್ಕಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 87,900 ವೀಸಾ. ಆ ಸಾಲಿನ ಉದ್ದವೂ ಒಂದೇ ಸಮ ಇರುವುದಿಲ್ಲ. 2019ರ ಜುಲೈಯಿಂದ 2023ರ ಮಾರ್ಚ್‌ವರೆಗೆ ಸಂಖ್ಯೆಗಾಗಿ ಕಾಯಬೇಕಾಗಿರಲಿಲ್ಲ, ಕಾಗದಪತ್ರದ ಪರಿಶೀಲನೆ ಮುಗಿದರೆ ಸಾಕಿತ್ತು. 2023ರ ಏಪ್ರಿಲ್‌ನಲ್ಲಿ, 2020ರ ಸೆಪ್ಟೆಂಬರ್ 8ಕ್ಕೆ ಮೊದಲು ಅರ್ಜಿ ಹಾಕಿದವರಿಗೆ ಮಾತ್ರ ಎಂದಾಯಿತು. ಮದುವೆಯ ಮನೆಯಲ್ಲಿ "ಆರು ತಿಂಗಳಲ್ಲಿ ಕರೆಸಿಕೊಳ್ತಾನೆ" ಎಂದು ಬೀಗುವವರಿಗೆ ಇದರ ಗಂಧವಾದರೂ ಇರುತ್ತದೆಯೇ?

ಅಲ್ಲಿಯವರೆಗೆ ಪ್ರವಾಸಿ ವೀಸಾದಲ್ಲಿ ಹೋಗಿಬರಲಿ ಎನ್ನುವವರಿದ್ದಾರೆ. ಅವರ 1952ರ ವಲಸೆ ಕಾಯಿದೆಯ 214(ಬಿ) ಕಲಮಿನ ಪ್ರಕಾರ, ಪ್ರವಾಸಕ್ಕೆಂದು ಬರುವವರನ್ನು ಮೊದಲಿಗೆ ನೆಲೆಸಲು ಬಂದವರೆಂದೇ ಎಣಿಸಬೇಕು. ಅಲ್ಲವೆಂದು ರುಜುವಾತು ಮಾಡುವುದು ಅರ್ಜಿದಾರರ ಹೊಣೆ. ಗಂಡನ ಜೊತೆ ನೆಲೆಸಲು ಆಗಲೇ ಅರ್ಜಿ ಹಾಕಿಸಿರುವವಳು ಹೇಗೆ ರುಜುವಾತು ಮಾಡಿಯಾಳು? ನಿಯಮ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ, ಆದರೆ ಹೊಸ್ತಿಲು ಎತ್ತರ. ಇಲ್ಲೊಂದು ಕೆಲಸ, ಒಂದು ಮನೆ, ವಾಪಸು ಬರಲು ಒಂದು ಕಾರಣ ಇರಬೇಕು. ಕೆಲಸ ಬಿಡಿಸಿದ ಹಿರಿಯರು ಆ ಕಾರಣವನ್ನೂ ಕಿತ್ತುಕೊಂಡರು ಎಂಬುದು ಅವರ ತಲೆಗೆ ಹೋಗುವುದಿಲ್ಲ.

"ಅದು ಅವರ ದೇಶ, ಅವರ ಕಾನೂನು, ನಾವೇನು ಮಾಡೋಕಾಗುತ್ತೆ" ಎಂಬ ಮಾತನ್ನೂ ಕೇಳಿದ್ದೇನೆ. ಕಾನೂನು ದೇವರು ಬರೆದದ್ದಲ್ಲ. 2000ದ ಡಿಸೆಂಬರ್‌ನಲ್ಲಿ ಅದೇ ಅಮೆರಿಕ, ಮೂರು ವರ್ಷ ಕಾದ ಇಂಥ ಹೆಂಡತಿಯರು ಅಲ್ಲಿಗೇ ಬಂದು ಕಾಯಲಿ ಎಂದು 'ವಿ' ಎಂಬ ವೀಸಾ ತಂದಿತ್ತು. ಆದರೆ ಆ ತಿಂಗಳ 21ರೊಳಗೆ ಅರ್ಜಿ ಹಾಕಿದವರಿಗಷ್ಟೇ. ಆಗ ಆದದ್ದು ಈಗ ಏಕಾಗದು? ಇನ್ನೂ ಹಿಂದೆ ಹೋಗಿ. 1913ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತ್ಯದ ನ್ಯಾಯಾಧೀಶ ಸರ್ಲ್, ಭಾರತದಿಂದ ಗಂಡನ ಬಳಿಗೆ ಬಂದ ಮುಸ್ಲಿಂ ಹೆಣ್ಣುಮಗಳೊಬ್ಬಳ ಮೊಕದ್ದಮೆಯಲ್ಲಿ, ಕ್ರೈಸ್ತ ವಿಧಿಯಲ್ಲಿ ಆಗದ, ನೋಂದಣಿಯೂ ಆಗದ ಮದುವೆಗೆ ಅಲ್ಲಿ ಮಾನ್ಯತೆ ಇಲ್ಲ ಎಂದುಬಿಟ್ಟ. ಆ ವರ್ಷದ ಸತ್ಯಾಗ್ರಹಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಹೆಂಗಸರನ್ನು ಮನೆಯಿಂದ ಹೊರಗೆ ತಂದದ್ದು ಈ ತೀರ್ಪು. ಕಸ್ತೂರಬಾ ಮೂರು ತಿಂಗಳು ಕಠಿಣ ಸಜೆ ಅನುಭವಿಸಿದರು. 1914ರಲ್ಲಿ ಕಾಯಿದೆ ಬದಲಾಯಿತು. ಅವರು ಬರೀ ಕಾಯುತ್ತಾ ಕೂತಿದ್ದರೆ ಬದಲಾಗುತ್ತಿತ್ತೇ?

"ತಾಳಿದವನು ಬಾಳಿಯಾನು" ಎಂದು ನಮ್ಮ ಹಿರಿಯರು ಬುದ್ಧಿ ಹೇಳುತ್ತಾರೆ. ಗಾದೆಯಲ್ಲಿರುವುದು ತಾಳಿದವನು, ಊರು ಅದನ್ನು ಹೇಳುವುದು ತಾಳಿ ಕಟ್ಟಿಸಿಕೊಂಡವಳಿಗೆ. ಗಂಡನಿಗೂ ಕಷ್ಟವಿದೆ, ಒಂಟಿತನವಿದೆ, ಒಪ್ಪುತ್ತೇನೆ. ಆದರೆ ಅವನ ನೌಕರಿ ನಿಂತಿಲ್ಲ, ಭಡ್ತಿ ನಿಂತಿಲ್ಲ. "ಇನ್ನೂ ಕರೆಸಿಕೊಂಡಿಲ್ವಾ?" ಎಂದು ಸಂತೆಯಲ್ಲಿ ಅವನನ್ನು ಯಾರೂ ಕೇಳುವುದಿಲ್ಲ.

ಆದ್ದರಿಂದ ಹೆಣ್ಣು ಹೆತ್ತ ತಾಯಂದಿರೇ, ಚಿನ್ನದ ಮಾತಿಗೆ ಮೊದಲು ಕಾಗದದ ಮಾತಾಡಿ. ಹುಡುಗ ಯಾವ ವೀಸಾದಲ್ಲಿದ್ದಾನೆ, ಕಾರ್ಡು ಬಂತೇ, ಬರಲಿದೆಯೇ, ಪೌರತ್ವಕ್ಕೆ ಎಷ್ಟು ವರ್ಷ ಉಳಿದಿದೆ ಎಂದು ಕೇಳಿ. ಕೇಳಿದರೆ ಸಂಬಂಧ ಮುರಿಯುವುದಾದರೆ ಮುರಿಯಲಿ. ವೀಸಾ ಕೈಗೆ ಬರುವವರೆಗೆ ಅವಳು ಕೆಲಸ ಬಿಡಬಾರದು. ಪಾಸ್‌ಪೋರ್ಟು, ಮದುವೆ ನೋಂದಣಿಯ ಪತ್ರ, ಅರ್ಜಿಯ ರಸೀದಿ ಅವಳ ಕೈಯಲ್ಲೇ ಇರಲಿ. ಪ್ರವಾಸಿ ವೀಸಾ ಕೇಳಿದರೆ ವಲಸೆಯ ಅರ್ಜಿ ಇರುವುದನ್ನು ಮುಚ್ಚಿಡುವುದು ಬೇಡ. ಆ ಪ್ರಶ್ನೆ ಫಾರಂನಲ್ಲೇ ಇದೆ, ಸುಳ್ಳು ಬರೆದರೆ ಮುಂದಿನ ದಾರಿಗೇ ಕಲ್ಲು.

ಇನ್ನು ಬಂದುಹೋಗುವ ವಿಚಾರ. ಗ್ರೀನ್ ಕಾರ್ಡಿನವನಿಗೆ ಹೊರಗೆ ಬರಲು ಅಡ್ಡಿಯಿಲ್ಲ. ಒಂದೇ ಸಲಕ್ಕೆ ಆರು ತಿಂಗಳು ಮೀರಿದರೆ ಪೌರತ್ವದ ಲೆಕ್ಕಕ್ಕೆ ತೊಡಕು, ವರ್ಷ ಮೀರಿದರೆ ಕಾರ್ಡಿಗೇ ಕುತ್ತು, ಅದರೊಳಗೆ ಬರಬಹುದು. ರಜೆ ಸಿಗದೆ ಹೋದರೆ ಸಂಬಳವಿಲ್ಲದ ರಜೆ ಕೇಳಲಿ. ಅವಳು ಸಂಬಳವಿಲ್ಲದೆ ಮೂರು ವರ್ಷ ಕೂತಿಲ್ಲವೇ? ಬಂದಾಗ ಮೊದಲ ವಾರ ಹೆಂಡತಿಯದು, ನೆಂಟರದು ಆಮೇಲೆ. ಬರುವ ತಾರೀಖನ್ನು ಅವಳನ್ನು ಕೇಳಿ ಗೊತ್ತುಮಾಡಬೇಕು, ಅವಳ ಶಾಲೆಯ ರಜೆ ನೋಡಿ.

ನನ್ನ ತಂಗಿಯ ಮಗಳು ಈ ಜೂನ್‌ನಿಂದ ಮತ್ತೆ ಪಾಠಕ್ಕೆ ಹೋಗುತ್ತಿದ್ದಾಳೆ. ಅತ್ತೆಮನೆಯಲ್ಲಿ ಗೊಣಗಾಟ ಇದ್ದೇ ಇದೆ. ಗೊಣಗಲಿ. ವೀಸಾ ಬಂದ ದಿನ ಅವಳು ನೌಕರಿ ಬಿಟ್ಟು ಹೊರಡುತ್ತಾಳೆ. ಅದಕ್ಕಿಂತ ಒಂದು ದಿನ ಮುಂಚೆ ಅವಳಿಂದ ಏನನ್ನೂ ಬಿಡಿಸುವ ಹಕ್ಕು ಯಾರಿಗೂ ಇಲ್ಲ.