ಮಂಜಿನಲ್ಲಿ ನಿಂತ ಲಾರಿಗೆ ದೀಪವಿರಲಿ



ಚಳಿಗಾಲದ ಬೆಳಗಿನ ಜಾವ ರೇಷ್ಮೆಗೂಡು ತುಂಬಿಕೊಂಡು ಶಿಡ್ಲಘಟ್ಟ ಮಾರುಕಟ್ಟೆಗೆ, ಟೊಮೆಟೊ ಹೇರಿಕೊಂಡು ಚಿಂತಾಮಣಿಗೆ ಹೊರಡುವ ನಮಗೆ ಹತ್ತು ಮಾರು ಮುಂದೆ ಏನಿದೆಯೆಂದೇ ಕಾಣದು. 2023ರ ಅಕ್ಟೋಬರ್ 26ರ ಬೆಳಿಗ್ಗೆ ಇಂಥದೇ ಮಂಜಿನಲ್ಲಿ, ಚಿಕ್ಕಬಳ್ಳಾಪುರದ ಹೊರವಲಯದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೊ ಗುದ್ದಿ 13 ಜನ ಸತ್ತರು. ಆ ಜಾಗ ದಾಟುವಾಗ ಈಗಲೂ ನನ್ನ ಕೈ ನಡುಗುತ್ತದೆ.

ಪಕ್ಕದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೂ ಇದೇ ಮಂಜು ಕವಿಯುತ್ತದೆ. ಆದರೆ ಅಲ್ಲಿ ಜೀಪಾಗಲಿ ಟ್ರ್ಯಾಕ್ಟರಾಗಲಿ ಕಂಟ್ರೋಲ್ ಟವರಿನ ಒಪ್ಪಿಗೆಯಿಲ್ಲದೆ ರನ್‌ವೇಗೆ ಇಳಿಯುವಂತಿಲ್ಲ. ಚಾಲಕ ತಾನು ಕೇಳಿಸಿಕೊಂಡ ಸೂಚನೆಯನ್ನು ವೈರ್‌ಲೆಸ್‌ನಲ್ಲಿ ತಿರುಗಿ ಹೇಳಿ ಖಚಿತಪಡಿಸಬೇಕು. 1977ರಲ್ಲಿ ಟೆನೆರಿಫೆ ವಿಮಾನ ನಿಲ್ದಾಣದ ಮಂಜಿನಲ್ಲಿ, ಟವರಿನ ಮಾತು ಪೈಲಟ್‌ಗಳಿಗೆ ಸರಿಯಾಗಿ ತಲುಪದೆ ಎರಡು ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಜನ ಹೋದರು. ಅಂಥ ಪಾಠಗಳಿಂದ ಬಂದ ಶಿಸ್ತು ಇದು.

ಆದರೆ ನಮ್ಮ ಹೆದ್ದಾರಿಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ಸಿಗುವುದು ನಾಲ್ಕು ಕಲ್ಲು, ಒಂದು ಹಸಿ ಕೊಂಬೆ. ಹಿಂದಿನ ದೀಪಕ್ಕೆ ಕೆಸರು ಮೆತ್ತಿರುತ್ತದೆ. ಗೌರಿಬಿದನೂರು ರಸ್ತೆಯಲ್ಲೂ ಇದೇ ಕತೆ. ಮಂಜಿನ ದಿನಗಳಲ್ಲಿ ಗಸ್ತು ವಾಹನ ನಸುಕಿನಲ್ಲೇ ಹೊರಡಬೇಕು, ನಿಂತ ವಾಹನದ ಸುದ್ದಿ ಟೋಲ್ ಗೇಟಿನಲ್ಲೇ ಚಾಲಕರಿಗೆ ಮುಟ್ಟಬೇಕು. ಹಿಂದೆ ಪ್ರತಿಫಲಕ ಪಟ್ಟಿಯಿಲ್ಲದ ಲಾರಿಯನ್ನು ಅಲ್ಲೇ ತಡೆಯಬೇಕು.

ಹೆದ್ದಾರಿಯಲ್ಲಿ ಲಾರಿ ನಿಂತಿದ್ದು ಕಂಡರೆ, ಓದುಗರೇ, ದಯವಿಟ್ಟು ಹೆದ್ದಾರಿ ಸಹಾಯವಾಣಿ 1033ಕ್ಕೆ ಒಂದು ಕರೆ ಮಾಡಿ.

– ಒಬ್ಬ ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ